ಕೋಶದ ಹೆಸರಿಗೆ ದೇಶದ ವಿಳಾಸ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತು ಈಚೆಗೆ ನನಗೆ ಪದೇ ಪದೇ ನೆನಪಾಗುವುದು ಭಾನುವಾರದ ಪೂಜೆ ಮುಗಿದ ಮೇಲೆ, ಚರ್ಚಿನ ಅಂಗಳದಲ್ಲಿ. ಮಂಗಳೂರಿರಲಿ, ಬೆಂಗಳೂರಿರಲಿ, ಯಾರದೋ ಮನೆಯ ಮಗ ಮಿಲಾನಿಗೆ, ಮಗಳು ಟೊರಿನೊಗೆ ಓದಲು ಹೊರಟಿರುತ್ತಾರೆ. ವೀಸಾ, ಫೀಸು, ಬ್ಯಾಂಕಿನ ಸಾಲ ಎಲ್ಲ ಮಾತಾಡಿ ಮುಗಿದ ಮೇಲೆ ತಾಯಂದಿರು ದನಿ ತಗ್ಗಿಸಿ ಕೇಳುತ್ತಾರೆ: ‘ಅಲ್ಲಿ ಚರ್ಚುಗಳೆಲ್ಲ ಖಾಲಿಯಂತೆ. ಇವನು ಪೂಜೆಗೆ ಹೋಗುತ್ತಾನಾ?’

ಆ ಭಯ ಸುಳ್ಳಲ್ಲ. ಆದರೆ ಗಾದೆಯನ್ನು ಸರಿಯಾಗಿ ಹಿಡಿದರೆ ಉತ್ತರ ಅದರಲ್ಲೇ ಇದೆ.

ಸುತ್ತಿದರೂ ಆಯಿತು, ಓದಿದರೂ ಆಯಿತು, ಹೇಗೋ ತಿಳಿವಳಿಕೆ ಬಂದರೆ ಸಾಕು ಎಂದು ಕೆಲವರು ಇದನ್ನು ಬಿಡಿಸುತ್ತಾರೆ. ಹಾಗಿದ್ದರೆ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿರಲಿಲ್ಲ. ಇನ್ನು ಕೆಲವರಿಗೆ ಇದು ಪ್ರವಾಸಕ್ಕೆ ಒಳ್ಳೆಯ ಜಾಹೀರಾತು. ಹತ್ತು ದಿನದಲ್ಲಿ ರೋಮ್, ಅಸ್ಸಿಸಿ, ಲೂರ್ದು, ಫಾತಿಮಾ ಮುಗಿಸುವ ಯಾತ್ರಿಕರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಹೊರಗೆ ಬಸ್ಸು ಕಾಯುತ್ತಿರುವಾಗ ಯಾವ ಜಾಗವೂ ಮನಸ್ಸಿಗೆ ಇಳಿಯುವುದಿಲ್ಲ. ನನ್ನ ಮಟ್ಟಿಗೆ ಈ ಗಾದೆ ಓದುತ್ತಲೇ ಸುತ್ತುವವರದು, ಅಂದರೆ ವಿದ್ಯಾರ್ಥಿಗಳದು. ಒಂದೇ ಊರಿನಲ್ಲಿ ಎರಡು ವರ್ಷ ಬದುಕಿ, ಅದೇ ಚರ್ಚಿನ ಮುಂದೆ ದಿನಾ ಹಾದು ಹೋಗಿ, ಬೇಸರವಾದ ದಿನ ಒಳಗೆ ಹೋಗಿ ಕೂತು, ಹೊರಬಂದು ಮತ್ತೆ ಪುಸ್ತಕ ತೆರೆಯುವವರದು.

ಬಲಿಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಹೆಸರುಗಳ ಒಂದು ಸಾಲು ಬರುತ್ತದೆ: ಲೀನಸ್, ಕ್ಲೀಟಸ್, ಕ್ಲೆಮೆಂಟ್, ಲಾರೆನ್ಸ್, ಕ್ರಿಸೋಗೊನಸ್, ಕೋಸ್ಮಸ್, ದಮಿಯಾನ್, ಮುಂದೆ ಆಗ್ನೆಸ್, ಸಿಸಿಲಿಯಾ, ಅನಸ್ತಾಸಿಯಾ. ಉದ್ದವೆಂದು ನಮ್ಮಲ್ಲಿ ಈ ಪ್ರಾರ್ಥನೆ ಕೇಳಿಬರುವುದೇ ಅಪರೂಪ. ಬಂದರೂ, ಯಾವುದೋ ಶಾಲೆಯ ಹಾಜರಿ ಕೂಗಿದ ಹಾಗೆ ಕಿವಿ ದಾಟಿ ಹೋಗುತ್ತದೆ. ರೋಮಿನಲ್ಲಿ ಓದುವವರಿಗೆ ಈ ಹೆಸರುಗಳಿಗೆಲ್ಲ ವಿಳಾಸ ಸಿಗುತ್ತದೆ. ಸಿಸಿಲಿಯಾ ಮತ್ತು ಕ್ರಿಸೋಗೊನಸ್ ನದಿಯಾಚೆ ತ್ರಾಸ್ತೇವೆರೆಯಲ್ಲಿ. ಕೋಸ್ಮಸ್, ದಮಿಯಾನ್ ಹಳೆಯ ಫೋರಮ್ಮಿನ ಅಂಚಿನಲ್ಲಿ. ಲಾರೆನ್ಸರ ಸಮಾಧಿಯಿರುವ ಚರ್ಚಂತೂ ಸಪಿಯೆನ್ಸಾ ವಿಶ್ವವಿದ್ಯಾಲಯದ ಹತ್ತಿರವೇ, ವಿದ್ಯಾರ್ಥಿಗಳು ಬಾಡಿಗೆ ಕೋಣೆ ಹುಡುಕುವ ಸಾನ್ ಲೊರೆಂಜೊ ಬಡಾವಣೆಯಲ್ಲಿದೆ. 1943ರ ಜುಲೈ 19ರಂದು ಬಾಂಬು ಬಿದ್ದು ಆ ಚರ್ಚು ಒಡೆಯಿತು. ಜನ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ಕ್ಲೆಮೆಂಟರ ಚರ್ಚಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕೊಲೊಸಿಯಮ್ಮಿನಿಂದ ನಾಲ್ಕು ಹೆಜ್ಜೆ. ಮೇಲಿರುವುದು 12ನೇ ಶತಮಾನದ ಬೆಸಿಲಿಕ; ಪೀಠದ ಹಿಂದಿನ ಕಮಾನಿನಲ್ಲಿ ಶಿಲುಬೆಯ ಬುಡದಿಂದ ಚಿಗುರಿದ ಬಳ್ಳಿ ಗೋಡೆಯ ತುಂಬ ಸುರುಳಿ ಸುರುಳಿಯಾಗಿ ಹಬ್ಬಿದೆ. ಮೆಟ್ಟಿಲು ಇಳಿದರೆ 4ನೇ ಶತಮಾನದ ಚರ್ಚು. ಐರ್ಲೆಂಡಿನ ಡೊಮಿನಿಕನ್ ಗುರು ಜೋಸೆಫ್ ಮಲ್ಲೂಲಿ 1857ರಲ್ಲಿ ಅಗೆಯುವವರೆಗೆ ಅದು ಮಣ್ಣಿನಡಿ ಇತ್ತು. ಇನ್ನೂ ಇಳಿದರೆ 1ನೇ ಶತಮಾನದ ಕಟ್ಟಡ, ಮಿತ್ರ ದೇವತೆಯ ಗುಡಿ. ಕತ್ತಲಲ್ಲಿ ಎಲ್ಲೋ ನೀರು ಹರಿಯುವ ಸದ್ದು. ಪ್ರವಾಸಿಗೆ ಇದು ಅರ್ಧ ಗಂಟೆಯ ಬೆರಗು. ಅದೇ ವಾರ ತರಗತಿಯಲ್ಲಿ ಕ್ಲೆಮೆಂಟರ ಪತ್ರ ಓದಿದ ವಿದ್ಯಾರ್ಥಿಗೆ ಅಷ್ಟಕ್ಕೇ ಮುಗಿಯುವುದಿಲ್ಲ. 1ನೇ ಶತಮಾನದ ಕೊನೆಗೆ ಕೊರಿಂಥದ ಸಭೆಯವರು ತಮ್ಮ ಹಿರಿಯರನ್ನೇ ಪದವಿಯಿಂದ ಇಳಿಸಿ ಕಿತ್ತಾಡುತ್ತಿದ್ದಾಗ, ರೋಮಿನಿಂದ ಹೋದ ಬುದ್ಧಿಮಾತು ಅದು. ನಮ್ಮ ಧರ್ಮಕೇಂದ್ರಗಳ ಜಗಳ ನೋಡಿ ಮನಸ್ಸು ಕಹಿಯಾದ ಎಷ್ಟೋ ಯುವಕರನ್ನು ನಾನು ಬಲ್ಲೆ. ಜಗಳ ಅಂದೂ ಇತ್ತು, ಅದನ್ನು ದಾಟಿಯೇ ವಿಶ್ವಾಸ ನಮ್ಮವರೆಗೆ ಬಂತು ಎಂಬುದು ಆ ನೆಲದಡಿ ನಿಂತಾಗ ಅರಿವಾಗುವಷ್ಟು ಯಾವ ಪ್ರಸಂಗದಿಂದಲೂ ಆಗದು.

ದೇವರು ಎಲ್ಲೆಲ್ಲೂ ಇರುವಾಗ ಅಲ್ಲಿಗೇಕೆ ಹೋಗಬೇಕು ಎನ್ನುವವರಿದ್ದಾರೆ. ಎಲ್ಲೆಲ್ಲೂ ಇದ್ದಾನೆ, ನಿಜ. ಆದರೂ ನಾವು ಭಾನುವಾರ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರಿದೆ. ನಮ್ಮ ದೇವರು ಒಂದು ಊರಲ್ಲಿ ಹುಟ್ಟಿ, ಒಬ್ಬ ಅಧಿಕಾರಿಯ ಕಾಲದಲ್ಲಿ ಸತ್ತವನು. ಹಾಗಿರುವಾಗ ಊರು, ಕಾಲ, ಕಲ್ಲು ಇವನ್ನು ಹಗುರವಾಗಿ ಕಾಣುವುದು ಕಥೋಲಿಕರಿಗೆ ಸಲ್ಲದು.

ತಾಯಂದಿರ ಭಯಕ್ಕೆ ನನ್ನ ಉತ್ತರ ಮೋನಿಕಮ್ಮನ ಕಥೆ. ಮಗ ಅಗಸ್ಟೀನ್ ತಾಯಿಗೆ ಸುಳ್ಳು ಹೇಳಿ, ರಾತ್ರೋರಾತ್ರಿ ಆಫ್ರಿಕದ ಕಾರ್ಥೇಜಿನಿಂದ ಹಡಗು ಹತ್ತಿದ. ರೋಮಿಗೆ ಹೋದ, ಅಲ್ಲಿಂದ ಕೆಲಸ ಹಿಡಿದು ಮಿಲಾನಿಗೆ. ಆಕೆ ಅತ್ತಳು, ಪ್ರಾರ್ಥಿಸಿದಳು, ಕಡೆಗೆ ಹುಡುಕಿಕೊಂಡೇ ಹೋದಳು. ಯಾವ ಪರದೇಶ ಮಗನನ್ನು ನುಂಗಿತೆಂದು ಹೆದರಿದ್ದಳೋ ಅಲ್ಲೇ, 387ರ ಪಾಸ್ಕ ರಾತ್ರಿ, ಬಿಷಪ್ ಆಂಬ್ರೋಸರ ಕೈಯಿಂದ ಅವನಿಗೆ ದೀಕ್ಷಾಸ್ನಾನವಾಯಿತು. ಆ ಎಂಟು ಮೂಲೆಯ ಕೊಳದ ಅವಶೇಷ ಇಂದಿಗೂ ಮಿಲಾನಿನ ಮಹಾದೇವಾಲಯದ ನೆಲದಡಿಯಲ್ಲಿದೆ. ನಮ್ಮ ಮಕ್ಕಳು ಮೆಟ್ರೊ ಇಳಿದು ಓಡಾಡುವುದು ಅದರ ಪಕ್ಕದಲ್ಲೇ. ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಇಲ್ಲಿ ನಮ್ಮ ಧರ್ಮಪ್ರಾಂತ್ಯಗಳ ಬಗ್ಗೆ ನನಗೆ ತಕರಾರಿದೆ. ದೈವಶಾಸ್ತ್ರ ಓದಲು ರೋಮಿಗೆ ಹೋಗುವವರು ಹೆಚ್ಚಾಗಿ ಗುರುಗಳು, ಸಿಸ್ಟರ್‌ಗಳು. ಇಂಜಿನಿಯರಿಂಗ್ ಓದಲು ಹೋಗುವ ಮಕ್ಕಳಿಗೆ ನಾವು ಕೊಡುವುದು ಒಂದು ಆಶೀರ್ವಾದ, ಒಂದು ಜಪಸರ. ಸಂತ ಅಲೋಶಿಯಸ್ ಎಂದರೆ ಮಂಗಳೂರಿಗೆ 1880ರ ಕಾಲೇಜು. ಆದರೆ ಆತನೂ ರೋಮಿನಲ್ಲಿ ಓದುತ್ತಿದ್ದ ಹುಡುಗ, ಪ್ಲೇಗಿನ ರೋಗಿಗಳ ಸೇವೆ ಮಾಡಿ 1591ರಲ್ಲಿ, 23ರ ವಯಸ್ಸಿಗೇ ತೀರಿಕೊಂಡವನು, ಸಮಾಧಿ ಅಲ್ಲಿನ ಸಂತ ಇಗ್ನೇಷಿಯಸರ ಚರ್ಚಿನಲ್ಲಿದೆ ಎಂದು ಆ ಕಾಲೇಜಿನಿಂದಲೇ ಹೊರಟವರಲ್ಲಿ ಎಷ್ಟು ಜನರಿಗೆ ಹೇಳಿದ್ದೇವೆ?

ಹೊರಡುವ ಮುನ್ನ ಈ ಮಕ್ಕಳನ್ನು ನಾಲ್ಕು ಶನಿವಾರ ಕೂರಿಸಿ ಧರ್ಮಸಭೆಯ ಚರಿತ್ರೆ ಹೇಳಿಕೊಡಲಿ. ಅಲ್ಲಿ ಹೋದ ಮೇಲೂ ದಾರಿಯಿದೆ: ತಪಸ್ಸುಕಾಲದಲ್ಲಿ ರೋಮಿನಲ್ಲಿ ದಿನಕ್ಕೊಂದು ಪುರಾತನ ಚರ್ಚಿನಲ್ಲಿ ಪೂಜೆ ಮಾಡುವ ಸಂಪ್ರದಾಯವಿದೆ. ಬೂದಿ ಬುಧವಾರ ಸಾಂತಾ ಸಬೀನಾದಲ್ಲಿ ಶುರು, ಎರಡನೇ ವಾರದ ಸೋಮವಾರ ಸಾನ್ ಕ್ಲೆಮೆಂತೆ. ಅಮೆರಿಕದ ಗುರುವಿದ್ಯಾರ್ಥಿಗಳು ನಸುಕಿನಲ್ಲೇ ನಡೆದು ಹೋಗಿ ಅಲ್ಲಿ ಇಂಗ್ಲಿಷಿನಲ್ಲಿ ಪೂಜೆ ನಡೆಸುತ್ತಾರೆ. ಮಿಲಾನಿನಿಂದ ವೇಗದ ರೈಲಿನಲ್ಲಿ ಮೂರು ಗಂಟೆಯ ಹಾದಿ. ಯಾರು ಬೇಕಾದರೂ ಹೋಗಬಹುದು, ಬೆಳಿಗ್ಗೆ ಏಳಕ್ಕೆ ಮುಂಚೆ ಬಾಗಿಲಲ್ಲಿದ್ದರಾಯಿತು.