ಐತಿಹಾಸಿಕ ಪ್ರಣಯಕಥೆಯೂ ಒಪ್ಪಿಗೆಯ ಪ್ರಶ್ನೆಯೂ

ನಮ್ಮ ಕುಂದಾಣವು ಒಂದು ಕಾಲದಲ್ಲಿ ಹೊಯ್ಸಳ ರಾಮನಾಥನ ರಾಜಧಾನಿಯಾಗಿದ್ದಿತು. ಅರಸರ ದಾನಧರ್ಮಗಳನ್ನು ಶಾಸನಗಳು ಹೇಳುತ್ತವೆ. ಅವರ ಮನೆಯ ಹೆಣ್ಣುಮಕ್ಕಳ ಮನಸ್ಸಿನಲ್ಲಿದ್ದುದನ್ನು ಹೇಳುವ ಕಲ್ಲು ಅಪರೂಪ. ಕಥೆಗಾರನಿಗೆ ಎಡೆ ದೊರೆಯುವುದು ಈ ಮೌನದಲ್ಲಿಯೇ. ಅದನ್ನು ತುಂಬುವ ಅಧಿಕಾರವು ಅವನಿಗೆ ಎಷ್ಟರಮಟ್ಟಿಗೆ ಉಂಟು?

ಮೊಮ್ಮಗಳು ಈಚೆಗೆ ತಂದುಕೊಟ್ಟ ಇಂಗ್ಲಿಷ್ ಕಾದಂಬರಿಯೊಂದು ಈ ಪ್ರಶ್ನೆಯನ್ನೆಬ್ಬಿಸಿತು. ಆಂಗ್ಲರು ಅಮೆರಿಕದಲ್ಲಿ ನೆಲಸತೊಡಗಿದ ಕಾಲದ ಕ್ರೈಸ್ತ ಪ್ರಣಯಕಥೆ ಅದು. ಕಾಡು, ಹಿಮ, ಪ್ರಾರ್ಥನೆ, ಕಡೆಗೆ ವಿವಾಹ. ಓದುವುದಕ್ಕೆ ಹಿತವಾಗಿಯೇ ಇದ್ದಿತು. ಓದುತ್ತ ನನಗೆ ನೆನಪಾದವಳು ಅದೇ ನಾಡಿನ ಪೊಕಾಹೊಂಟಸ್. ವರ್ಜೀನಿಯದ ಮೂಲನಿವಾಸಿಗಳ ಅರಸನ ಮಗಳಾದ ಈಕೆಯನ್ನು ಆಂಗ್ಲರು 1613ರಲ್ಲಿ ಮೋಸದಿಂದ ಸೆರೆಹಿಡಿದರು. ದೀಕ್ಷಾಸ್ನಾನವಾಗಿ ರೆಬೆಕ್ಕಳೆಂಬ ಹೆಸರಾಯಿತು. 1614ರಲ್ಲಿ ಹೊಗೆಸೊಪ್ಪಿನ ಬೇಸಾಯಗಾರ ಜಾನ್ ರಾಲ್ಫನೊಡನೆ ಮದುವೆ. 1617ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಇಂಗ್ಲೆಂಡಿನ ಗ್ರೇವ್ಸೆಂಡಿನಲ್ಲಿ ಮರಣ. ತಾನು ಆಕೆಯನ್ನು ವರಿಸುವ ಕಾರಣಗಳನ್ನು ರಾಲ್ಫನು ಅಧಿಕಾರಿಗೆ ಬರೆದ ದೀರ್ಘಪತ್ರ ಉಳಿದಿದೆ. ಆಕೆಯ ಕೈಬರಹ ಒಂದು ಪಂಕ್ತಿಯೂ ಇಲ್ಲ. ಆದರೂ ಆಕೆಯ ಪ್ರೇಮವನ್ನು ಹಾಡಿದವರು ಅಸಂಖ್ಯರು.

ಇದು ಪರದೇಶದ ಮಾತೆಂದು ಬಿಡುವಂತಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಓದಿದ ವಾಚಕರಿಗೆ ಕೊಡಗಿನ ಕಡೆಯ ಅರಸನು ಪರಿಚಿತನು. 1834ರಲ್ಲಿ ಪದಚ್ಯುತನಾಗಿ ಕಾಶಿಯಲ್ಲಿದ್ದ ಆತನು, ಕಂಪೆನಿಯು ಹಿಡಿದಿಟ್ಟ ತನ್ನ ಹಣಕ್ಕಾಗಿ ಹೋರಾಡಲು 1852ರಲ್ಲಿ ಇಂಗ್ಲೆಂಡಿಗೆ ಹೋದಾಗ ಮಗಳು ಗೌರಮ್ಮನನ್ನು ಜೊತೆಗೆ ಕರೆದೊಯ್ದನು. ಅದೇ ವರ್ಷ ಜೂನ್ 30ರಂದು ವಿಕ್ಟೋರಿಯ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ಹುಡುಗಿಗೆ ದೀಕ್ಷಾಸ್ನಾನವಾಯಿತು. ಆಗ ಆಕೆಗೆ ಹನ್ನೊಂದು ವರ್ಷ. ಪಂಜಾಬಿನ ದಲೀಪಸಿಂಹನಿಗೆ ಆಕೆಯನ್ನು ಕೊಡಬೇಕೆಂದು ರಾಣಿ ಬಯಸಿದ್ದಳು, ಅದು ಕೂಡಲಿಲ್ಲ. 1860ರಲ್ಲಿ ಕ್ಯಾಂಪ್‌ಬೆಲ್ಲನೆಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ತೀರಿಕೊಂಡಳು.

ಕಥೆಗಾರನೊಬ್ಬನು ಈಕೆಯು ದೈವಕೃಪೆಯಿಂದ ಪುಳಕಿತಳಾದಳೆಂದು ಬರೆದಾನು. ನಮ್ಮವನೊಬ್ಬನು ಕಾವೇರಿಯನ್ನು ನೆನೆದು ರಹಸ್ಯವಾಗಿ ಅತ್ತಳೆಂದು ಬರೆದಾನು. ಕಾಶಿಯಲ್ಲಿ ಹುಟ್ಟಿದ ಮಗುವಿಗೆ ಯಾವ ಕಾವೇರಿ! ಇಬ್ಬರೂ ಮಾಡಿದ್ದು ಒಂದೇ: ತಂದೆಯು ಕೊಟ್ಟ ಒಪ್ಪಿಗೆಯನ್ನು ಮಗಳ ಹೃದಯವೆಂದು ಕರೆದದ್ದು, ಅಥವಾ ತಮ್ಮ ಅಭಿಮಾನವನ್ನು ಆಕೆಯ ಕಣ್ಣೀರೆಂದು ಕರೆದದ್ದು. ಆಕೆಯ ಭಕ್ತಿಯು ನಿಜವಾಗಿದ್ದಿರಲೂಬಹುದು. ಹಾಗೆ ಇರಲಾರದೆಂದು ಸಾಧಿಸುವುದೂ ಅನ್ಯಾಯವೇ.

ಅಲಂಕಾರಶಾಸ್ತ್ರವು ಕವಿಯ ಕಡೆಗಿದೆಯೆಂದು ಆಕ್ಷೇಪ ಬರಬಹುದು. ರಸಕ್ಕೆ ಪ್ರತಿಕೂಲವಾದ ಇತಿವೃತ್ತವನ್ನು ಬಿಟ್ಟು ಬೇರೆ ಕಲ್ಪಿಸಬಹುದೆಂದು ಆನಂದವರ್ಧನನು ಒಪ್ಪಿದ್ದಾನೆ. ಮಹಾಭಾರತದ ದುಷ್ಯಂತನು ಎಲ್ಲವನ್ನೂ ಬಲ್ಲವನಾಗಿದ್ದು ಲೋಕಾಪವಾದಕ್ಕೆ ಅಂಜಿ ಅಲ್ಲವೆಂದನು. ಕಾಳಿದಾಸನು ದೂರ್ವಾಸನ ಶಾಪವನ್ನು ತಂದು ಅರಸನ ಮುಖವನ್ನು ತೊಳೆದನು. ಪಾಠಶಾಲೆಯಲ್ಲಿ ಇದನ್ನು ಮೆಚ್ಚಿ ಕಲಿತವನು ನಾನು, ಮುಂದೆ ಮೂವತ್ತು ವರ್ಷ ಮೆಚ್ಚಿ ಕಲಿಸಿದವನು. ಈಗ ಮಾತ್ರ ಬೇರೊಂದು ಕಾಣುತ್ತದೆ. ಅರಸನಿಗೆ ಶಾಪದ ನೆಪವನ್ನು ಕೊಟ್ಟ ಆ ಕವಿಯೇ ಐದನೆಯ ಅಂಕದಲ್ಲಿ ಶಕುಂತಲೆಗೆ ಕೋಪವನ್ನೂ ಉಳಿಸಿದನು. ತುಂಬಿದ ಸಭೆಯಲ್ಲಿ ಆಕೆ ಅರಸನನ್ನು ಅನಾರ್ಯನೆಂದು ಕರೆಯುತ್ತಾಳೆ. ಮೊಮ್ಮಗಳು ತಂದ ಪುಸ್ತಕದಲ್ಲಿ ಆ ಕಾಡಿನ ಮೂಲನಿವಾಸಿ ಹೆಂಗಸೊಬ್ಬಳು ನಾಲ್ಕಾರು ಸಲ ಬರುತ್ತಾಳೆ, ನೀರು ತರುತ್ತಾಳೆ, ನಗುತ್ತಾಳೆ. ಬೇಡವೆಂಬ ಮಾತು ಆಕೆಯ ಬಾಯಿಂದ ಎಲ್ಲಿಯೂ ಬರುವುದಿಲ್ಲ.

ಹೀಗೆಂದು ಹೇಳಿ ಪುಸ್ತಕವನ್ನು ಹಿಂದಿರುಗಿಸಿದೆನು. “ಎರಡನೆಯ ಭಾಗವೂ ಇದೆ ತಾತ, ಅದರಲ್ಲಿ ಮಾತಾಡಬಹುದೇನೋ” ಎಂದಳು. ತಂದರೆ ಓದುವೆನು.