ಸತ್ತ ತಂತಿಯ ಬೆಲೆ

ಒಲೆಯ ಮೇಲೆ ನೀರು ಮರಳುತ್ತಿತ್ತು. ಒಳಗಿದ್ದದ್ದು ಬೇಳೆಯಲ್ಲ, ನನ್ನ ಬೇಸ್ ಗಿಟಾರಿನ ನಾಲ್ಕು ತಂತಿ. ಅಮ್ಮ ಇಣುಕಿ ನೋಡಿ, "ಏನೋ ಇದು, ಸಾರಿನ ಪಾತ್ರೇಲಿ?" ಅಂದಳು. "ತಂತಿ ಸತ್ತುಹೋಗಿದೆ ಅಮ್ಮ, ಕುದಿಸಿದರೆ ಜೀವ ಬರುತ್ತೆ" ಅಂದೆ. ಅವಳು ಪಾತ್ರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇನ್ಮೇಲೆ ಆ ಪಾತ್ರೆ ನಿಂಗೇ ಇರಲಿ" ಎಂದು ಹೊರಟುಹೋದಳು.

ಕುದಿಸುವುದು ನಾನು ಕಂಡುಹಿಡಿದ ಹುಚ್ಚಲ್ಲ, ಬೇಸ್ ನುಡಿಸುವ ಬಡಪಾಯಿಗಳ ಹಳೆಯ ಉಪಾಯ. ಎಲ್ಲ ಕಡೆ ಸಿಗುವ ರೌಂಡ್‌ವೌಂಡ್ ತಂತಿಯಲ್ಲಿ ನಡುವೆ ಒಂದು ಉಕ್ಕಿನ ಎಳೆ, ಅದರ ಮೇಲೆ ದುಂಡನೆಯ ಇನ್ನೊಂದು ತಂತಿಯ ಸುತ್ತು. ಸುತ್ತಿಗೂ ಸುತ್ತಿಗೂ ನಡುವಿನ ಸಂದಿಯಲ್ಲಿ ಬೆರಳಿನ ಬೆವರು, ಉದುರಿದ ಚರ್ಮ, ಪೆಂಡಾಲಿನ ಧೂಳು ಸೇರಿ ಗಟ್ಟಿಯಾಗುತ್ತವೆ. ಹೊಸದರಲ್ಲಿ ಝಣ್ಣೆನ್ನುತ್ತಿದ್ದ ತಂತಿ ಮೂರು ನಾಲ್ಕು ತಿಂಗಳಲ್ಲಿ ದೊಬ್ಬೆನ್ನತೊಡಗುತ್ತದೆ. ಕುದಿನೀರು ಆ ಕೊಳೆಯನ್ನು ಬಿಡಿಸುತ್ತದೆ. ನಾಲ್ಕು ದಿನ ನಾದದ ಹೊಳಪು ಮರಳುತ್ತದೆ, ಐದನೆಯ ದಿನ ಮತ್ತೆ ಅದೇ ರಾಗ.

ವಾರವೆಲ್ಲ ಲೆಕ್ಕಪತ್ರದ ಕೆಲಸ, ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ರಾತ್ರಿ ರಸಮಂಜರಿ ತಂಡದಲ್ಲಿ ಬೇಸ್. ತಂಡದಿಂದ ಬರುವ ದುಡ್ಡು ಆಟೋಗೂ ತಿಂಡಿಗೂ ಸರಿಹೋಗುತ್ತದೆ. ಹಾಗಾಗಿ ತಂತಿ ಕೊಳ್ಳಲು ಹೋದಾಗ ನನ್ನ ಬಾಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಎಷ್ಟು? ಆ ಪ್ರಶ್ನೆ ಅರ್ಧದ್ದು ಎಂದು ಕಲಿಸಿದ್ದು ಫ್ಲಾಟ್‌ವೌಂಡ್ ತಂತಿ.

ಇದರ ಹೊರಸುತ್ತು ಚಪ್ಪಟೆ ಪಟ್ಟಿಯದು. ಅಂಚಿಗೆ ಅಂಚು ತಾಗಿ ಕೂರುವುದರಿಂದ ಬೆರಳಿಗೆ ಸ್ಟೀಲ್ ಲೋಟದ ಮೈಯಂತೆ ನುಣುಪು. ಕೈ ಜಾರಿಸಿದರೆ ಕಿರ್ರೆನ್ನುವುದಿಲ್ಲ. ನೆಕ್ಕಿನ ಮೇಲಿನ ಲೋಹದ ಫ್ರೆಟ್ಟುಗಳನ್ನು ಅರದ ಹಾಗೆ ತೇಯುವುದಿಲ್ಲ. ಕೊಳೆಗೆ ಮನೆ ಮಾಡಲು ಸಂದಿಯೂ ಕಡಿಮೆ. ಪಿಟೀಲಿನವರಿಗೆ ಇದರಲ್ಲಿ ಹೊಸದೇನಿಲ್ಲ. ಅವರ ಸುತ್ತಿನ ತಂತಿಗಳೂ ಚಪ್ಪಟೆ ಪಟ್ಟಿಯವೇ; ಇಲ್ಲದಿದ್ದರೆ ಅವುಗಳ ಮೇಲೆ ಕಮಾನು ಓಡುವುದಾದರೂ ಹೇಗೆ?

ಫ್ಲಾಟ್ ಎಂದರೆ ಯಾರೋ ಶೋಕಿಯವರ ವಿಶೇಷ ತಂತಿ ಎಂದು ನಾನು ತಿಳಿದಿದ್ದೆ. ಕಥೆ ಇರುವುದು ತಿರುಗಾ ಮುರುಗಾ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಪ್ರಿಸಿಷನ್ ಬೇಸನ್ನು ಹೊರತಂದಾಗ, ಆಳೆತ್ತರದ ಡಬಲ್ ಬೇಸ್ ಮಾಡುತ್ತಿದ್ದ ಕೆಲಸವನ್ನು ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯದಿಂದ ಮಾಡಿಸುವುದು ಅವನ ಗುರಿಯಾಗಿತ್ತು. ಆಗ ಬೇಸ್ ತಂತಿ ಎಂದರೆ ಫ್ಲಾಟೇ. 1960ರ ದಶಕದಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ 'ದಿ ಹೂ' ತಂಡದ ಜಾನ್ ಎಂಟ್ವಿಸಲ್ ಜೊತೆ ಸೇರಿ ರೌಂಡ್‌ವೌಂಡ್ ಬೇಸ್ ತಂತಿಯನ್ನು ರೂಪಿಸಿತು. ಗಿಟಾರು, ಡ್ರಮ್ಮುಗಳ ಅಬ್ಬರದ ನಡುವೆ ತನ್ನ ಬೇಸೂ ಗರ್ಜಿಸಬೇಕು ಎಂಬ ಹಟ ಅವನದು. ಬರಬರುತ್ತ ಹೊಳಪೇ ವಾಡಿಕೆಯಾಯಿತು. ವಾಡಿಕೆಯಾಗಿದ್ದ ಹಳೆಯದು ಅಪರೂಪವಾಗಿ, ಅಪರೂಪವಾದದ್ದಕ್ಕೆ ಬೆಲೆ ಏರಿತು.

ನಾನು ಮೊದಲು ಕೊಂಡದ್ದು ಅಂಗಡಿಯಲ್ಲಿದ್ದ ಫ್ಲಾಟುಗಳಲ್ಲೆಲ್ಲ ಅಗ್ಗದ ಸೆಟ್ಟು. ನನ್ನ ರೌಂಡ್ ತಂತಿಗಳ ಅಳತೆ 45ರಿಂದ 105, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಅಷ್ಟಷ್ಟು ದಪ್ಪ. ಅದೇ ಅಳತೆಯ ಫ್ಲಾಟ್ ತಂದು ಕಟ್ಟಿದೆ. ಸಂದಿಯಿಲ್ಲದೆ ಲೋಹ ತುಂಬಿಕೊಂಡ ತಂತಿ ಅದೇ ದಪ್ಪಕ್ಕೆ ಹೆಚ್ಚು ತೂಗುತ್ತದೆ; ತೂಕದ ತಂತಿಯನ್ನು ಅದೇ ಶ್ರುತಿಗೆ ತರಲು ಹೆಚ್ಚು ಬಿಗಿಯಬೇಕು. ಇದು ಹೈಸ್ಕೂಲಿನಲ್ಲಿ ಸೋನೋಮೀಟರ್ ಮುಂದೆ ನಿಂತು ಕಲಿತ ಪಾಠವೇ, ನೆನಪಾಗಲಿಲ್ಲ. ಬಿಗಿದು ಮಲಗಿದೆ. ಬೆಳಗ್ಗೆ ನೋಡಿದರೆ ನೆಕ್ ಬಿಲ್ಲಿನಂತೆ ಬಾಗಿ, 12ನೇ ಫ್ರೆಟ್ಟಿನ ಬಳಿ ತಂತಿಗಳು ಅಂತರದಲ್ಲಿ ನಿಂತಿದ್ದವು. ನೆಕ್ಕಿನೊಳಗಿನ ಟ್ರಸ್ ರಾಡ್ ತಿರುಗಿಸಿ ಸರಿಮಾಡಿದ ರಿಪೇರಿಯವನಿಗೆ ಕೊಟ್ಟದ್ದು ಬೇರೆ ಲೆಕ್ಕ. ಸಾಲದ್ದಕ್ಕೆ ಒಂದು ತಂತಿಯ ತುದಿಯನ್ನು ಮಡಿಸದೆ ಹಾಗೇ ಕತ್ತರಿಸಿದ್ದೆ. ಹೊರಪಟ್ಟಿ ಒಳಗಿನ ಎಳೆಯ ಹಿಡಿತ ತಪ್ಪಿ ಸಡಿಲಾಯಿತು; ಆ ತಂತಿ ಆಮೇಲೆ ಶ್ರುತಿಯಲ್ಲಿ ನಿಲ್ಲಲೇ ಇಲ್ಲ. ಮೊದಲು ಲಂಬಕೋನಕ್ಕೆ ಮಡಿಸಿ, ಮಡಿಕೆಯ ಆಚೆಗೆ ಕತ್ತರಿಸಬೇಕು ಎಂಬ ಒಂದು ಸಾಲಿನ ಪಾಠಕ್ಕೆ ಒಂದು ಸೆಟ್ ತೆತ್ತೆ.

"ಅಗ್ಗ ಅಂತ ಮುಗ್ಗಲು ಜೋಳ ತಂದ ಹಾಗಾಯ್ತು" ಎಂದಳು ಅಮ್ಮ. ಆಗ ತಲೆಯಾಡಿಸಿದೆ. ಈಗ ಅನ್ನಿಸುತ್ತದೆ, ಜೋಳ ಮುಗ್ಗಿರಲಿಲ್ಲ, ಕೊಂಡವನಿಗೆ ಅಡುಗೆ ಬರುತ್ತಿರಲಿಲ್ಲ. ದುಬಾರಿ ಸೆಟ್ ತಂದಿದ್ದರೂ ಅದೇ ಕತ್ತರಿ, ಅದೇ ಬಿಗಿತ, ಅದೇ ಬಿಲ್ಲು.

ಆಮೇಲೆ ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಅದೊಂದು ವಿದ್ಯೆ ನನಗೆ ಬರುತ್ತದೆ. ನಾಲ್ಕು ತಿಂಗಳಿಗೊಮ್ಮೆ ರೌಂಡ್ ಬದಲಿಸಿದರೆ ಐದು ವರ್ಷಕ್ಕೆ 15 ಸೆಟ್. ಒಳ್ಳೆಯ ಫ್ಲಾಟ್ ಸೆಟ್ಟಿಗೆ ಮೂರರಷ್ಟು ಬೆಲೆಯೇ ಆಗಲಿ, ಅದು ಆ ಐದು ವರ್ಷವನ್ನು ಆರಾಮಾಗಿ ಕಳೆಯುತ್ತದೆ. ಖರ್ಚು ಐದನೆಯ ಒಂದು ಪಾಲು. ಸವೆಯದೆ ಉಳಿದ ಫ್ರೆಟ್ಟುಗಳ ಲಾಭ ಮೇಲೆ. ಕಾಗದದ ಮೇಲೆ ಇಷ್ಟು ಸುಲಭ. ಆದರೆ ಆ ಮೂರರಷ್ಟು ದುಡ್ಡು ಒಂದೇ ದಿನ ಕೈಯಲ್ಲಿರಬೇಕು. ನನ್ನಂಥವರು ದುಬಾರಿಯದ್ದನ್ನು ಕಂತಿನಲ್ಲಿ ಕೊಳ್ಳುತ್ತ, ಅದಕ್ಕೆ ಅಗ್ಗ ಎಂಬ ಹೆಸರಿಟ್ಟುಕೊಂಡು ಬದುಕುವುದು ಆ ಒಂದು ದಿನ ಬಾರದೇ ಇರುವುದರಿಂದ.

ಆ ದಿನ ಬರಲಿಲ್ಲ. ಬಂದದ್ದು ಒಬ್ಬ ಕಾಲೇಜು ಹುಡುಗ. ಅವನು ಯಾರಿಂದಲೋ ಹಳೆಯ ಬೇಸ್ ಕೊಂಡಿದ್ದ, ಅದರಲ್ಲಿ ಒಳ್ಳೆಯ ಕಂಪನಿಯ ಫ್ಲಾಟ್ ತಂತಿಗಳಿದ್ದವು. ಅವನಿಗೆ ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್ ಬೇಕಿತ್ತು. ಫ್ಲಾಟಿನಲ್ಲಿ ಆ ಛಟೀರ್ ಬರುವುದಿಲ್ಲ. "ಪೂರ್ತಿ ಸತ್ತುಹೋಗಿವೆ ಸಾರ್, ಏನು ಕೊಟ್ಟರೂ ಸರಿ" ಎಂದು ಸುರುಳಿ ಸುತ್ತಿ ಕೊಟ್ಟ. 400 ರೂಪಾಯಿ ಕೊಟ್ಟೆ. ಒಂದನ್ನು ಮಾತ್ರ ನೋಡಿಕೊಂಡೆ: ಒಮ್ಮೆ ಕತ್ತರಿಸಿದ ತಂತಿ ನನ್ನ ಬೇಸಿನ ಕೀಲಿಯವರೆಗೆ ಮುಟ್ಟಬೇಕಲ್ಲ. ಅವನದೂ ನನ್ನದೂ 34 ಇಂಚು ತಂತಿಯುದ್ದದ ಬೇಸುಗಳೇ, ನಾಲ್ಕೂ ಕೀಲಿ ಒಂದೇ ಬದಿಗೆ. ಮುಟ್ಟಿತು. ತಂತಿಯ ಅಳತೆ 45ರಿಂದ 100. ನೆಕ್ ಈ ಸಲ ಮುನಿಯಲಿಲ್ಲ.

ಆ ವಾರ ಗಣೇಶನ ಪೆಂಡಾಲಿನಲ್ಲಿ 'ಗೀತಾ' ಚಿತ್ರದ ಹಾಡು ಎತ್ತಿಕೊಂಡೆವು. 1981ರ ಆ ಚಿತ್ರಕ್ಕೆ ಸಂಗೀತ ಇಳಯರಾಜರದು. ಅವರ ಹಾಡಿನಲ್ಲಿ ಬೇಸ್ ಬರೀ ತಾಳದ ಹಿಂದೆ ನಡೆಯುವುದಿಲ್ಲ, ತನ್ನದೇ ಇನ್ನೊಂದು ರಾಗ ಹಾಡುತ್ತದೆ. ಹೊಸ ರೌಂಡ್ ತಂತಿಯಲ್ಲಿ ಅದನ್ನು ನುಡಿಸುವಾಗ ನನ್ನ ಬೆರಳಿನ ಗೀರು, ಫ್ರೆಟ್ಟಿನ ಕಟಕಟ ಎಲ್ಲ ಗಾಯಕಿಯ ಮಾತಿಗೆ ಅಡ್ಡ ಬರುತ್ತಿದ್ದವು. ಅವತ್ತು ಸ್ವರ ಹುಟ್ಟಿತು, ದಪ್ಪವಾಗಿ ಒಂದು ಗಳಿಗೆ ನಿಂತಿತು, ಜಾಗ ಬಿಟ್ಟುಕೊಟ್ಟಿತು. ಕಾಲಲ್ಲಿ ಹೊಡೆಯುವ ಡ್ರಮ್ಮಿಗೂ ನನಗೂ ಗೆರೆಯೇ ಉಳಿಯಲಿಲ್ಲ. ಕೀಬೋರ್ಡಿನವನು ನಡುವೆ ಬಗ್ಗಿ, "ಆಂಪ್ ಬದಲಾಯಿಸಿದ್ಯಾ?" ಎಂದು ಕೇಳಿದ. ಇಲ್ಲ, ಸತ್ತ ತಂತಿ ಹಾಕಿದ್ದೇನೆ ಎಂದು ಹೇಳಲು ಸಂಕೋಚವಾಯಿತು. ಆಗಬೇಕಿರಲಿಲ್ಲ.

ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಎಂಬ ಮಹಾ ವಾದಕನಿದ್ದ. 1962ರ ಒಂದು ಪ್ರಿಸಿಷನ್ ಬೇಸ್, ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್ ತಂತಿ, ಬಲಗೈಯ ತೋರುಬೆರಳು ಒಂದೇ ಒಂದು. 1960ರ ದಶಕದ ಅಮೆರಿಕವನ್ನು ಕುಣಿಸಿದ ಎಷ್ಟೋ ಹಾಡುಗಳ ತಳದಲ್ಲಿ ಇರುವುದು ಇಷ್ಟೇ ಸಲಕರಣೆ. ತುಂಡಾಗದ ಹೊರತು ಅವನು ತಂತಿ ಬದಲಿಸುತ್ತಿರಲಿಲ್ಲ. ನಾನು ಕುದಿಸಿ ತೆಗೆಯುತ್ತಿದ್ದ ಕೊಳೆಯನ್ನು ಅವನು ಕಾಪಾಡಿಕೊಳ್ಳುತ್ತಿದ್ದ.

ಹಾಗಾದರೆ ತಂತಿಯ ಜೀವ ಅಂದರೆ ಯಾವುದು? ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಡುವ ಹತ್ತಿಯ ಎಳೆಗೆ ನಮ್ಮಲ್ಲಿ ಜೀವ, ಜೀವಾಳ ಎನ್ನುತ್ತಾರೆ. ಅದು ಸರಿಯಾದ ಜಾಗಕ್ಕೆ ಬಂದಾಗ ಒಂದೇ ಸ್ವರದೊಳಗಿನ ಹತ್ತಾರು ಸ್ವರಗಳು ಝೇಂಕರಿಸುತ್ತವೆ. ಝೇಂಕಾರವೇ ಜೀವ ಎಂದು ಆ ಹೆಸರೇ ನಮ್ಮ ಕಿವಿಗೆ ಕಲಿಸಿಬಿಟ್ಟಿದೆ. ಅದೇ ಕಚೇರಿಯಲ್ಲಿ ತಂಬೂರಿಯಿಂದ ನಾಲ್ಕು ಮಾರು ದೂರದಲ್ಲಿ ಮೃದಂಗದವರು ರವೆ ಕಲಸಿ ಎಡಮುಖಕ್ಕೆ ಮೆತ್ತುತ್ತಿರುತ್ತಾರೆ. ಆ ಹಿಟ್ಟಿನ ಭಾರಕ್ಕೆ ಎಡಮುಖದ ಠಣತ್ಕಾರ ಅಡಗಿ, ಗುಂಕಾರ ಏಳುತ್ತದೆ. ಒಬ್ಬರು ಎಳೆಯಿಟ್ಟು ಹೊಳಪನ್ನು ಬಿಡಿಸುತ್ತಾರೆ, ಇನ್ನೊಬ್ಬರು ರವೆ ಹಚ್ಚಿ ಹೊಳಪನ್ನು ಅಡಗಿಸುತ್ತಾರೆ. ಇಬ್ಬರೂ ಮಾಡುತ್ತಿರುವುದು ಜೀವ ತುಂಬುವ ಕೆಲಸವೇ. ನಾನು ಇಷ್ಟು ವರ್ಷ ಮೃದಂಗದ ಎಡಮುಖಕ್ಕೆ ತಂಬೂರಿಯ ಎಳೆ ಹುಡುಕುತ್ತಿದ್ದೆ. ಹುಡುಗ ಸತ್ತಿದೆ ಎಂದದ್ದು ಸುಳ್ಳಲ್ಲ, ಅವನ ಹಾಡಿಗೆ ಅದು ಸತ್ತೇ ಇತ್ತು.

ಫ್ಲಾಟನ್ನು ಹೊಗಳುವ ಭರದಲ್ಲಿ ಅದರ ಕೊರತೆ ಮುಚ್ಚಿಡಬಾರದು. ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರವನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಅದರಲ್ಲಿ ನಮಗೆ ಕೇಳುವುದು ಮೇಲಿನ ಉಪಸ್ವರಗಳು ಮಾತ್ರ. ಫ್ಲಾಟಿನಲ್ಲಿ ಅವೇ ಕಡಿಮೆ. ಪೆಂಡಾಲಿನಲ್ಲಿ ಎದೆ ನಡುಗಿಸಿದ ನುಡಿಸಾಣಿಕೆಯನ್ನು ಯಾರೋ ಫೋನಿನಲ್ಲಿ ಹಿಡಿದು ಕಳಿಸಿದರು. ನಾನು ವೇದಿಕೆಯ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದೇನೆ ಎನ್ನಿಸುವಂತಿತ್ತು. ಜನ ಎಲ್ಲಿ ಕೇಳುತ್ತಾರೆ ಎಂಬುದೂ ತಂತಿಯ ಆಯ್ಕೆಯ ಭಾಗ. ಹಾಗೆಂದು ಇದು ಬರೀ ಹಳೆಯ ಹಾಡುಗಳ ತಂತಿಯೂ ಅಲ್ಲ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಹೆವಿ ಮೆಟಲ್‌ನ ಓಟವನ್ನೆಲ್ಲ ಫ್ಲಾಟ್ ತಂತಿಯಲ್ಲೇ ಓಡಿಸಿದ್ದಾನೆ.

ತಂತಿಯ ಬಗ್ಗೆ ಈಗ ಯಾರಾದರೂ ಕೇಳಿದರೆ ನಾನು ಬೆಲೆಯಿಂದ ಶುರು ಮಾಡುವುದಿಲ್ಲ. ನಿನ್ನ ಹಾಡಿನಲ್ಲಿ ಬೇಸ್ ಮುಂದೆ ಬಂದು ಮಾತಾಡಬೇಕೋ, ಹಿಂದೆ ನಿಂತು ಹೊರಬೇಕೋ, ಮೊದಲು ಹೇಳು ಎನ್ನುತ್ತೇನೆ. ಹೊರಬೇಕು ಎಂದವನಿಗೆ ಮುಂದಿನ ಮಾತು: ಕೈಗೆಟುಕುವ ಫ್ಲಾಟ್ ಬೇಕಾದರೆ ಹಗುರ ಅಳತೆಯಿಂದ ಶುರುಮಾಡು. ಬಿಗಿತ ಎಷ್ಟೆಂದು ನೋಡಿಕೋ; ಡಿ'ಆಡಾರಿಯೋ ಕ್ರೋಮ್ಸ್ ಗಟ್ಟಿ ಬಿಗಿತದ್ದು, ಫ್ಲಾಟುಗಳಲ್ಲಿ ಹೊಳಪು ಹೆಚ್ಚಿನದು; ವಿಯೆನ್ನಾದ ಥೋಮಾಸ್ಟಿಕ್ ಬೆರಳಿಗೆ ಮೆತ್ತಗೆ, ಜೇಬಿಗೆ ಭಾರ. ಹೊಸದು ಕೊಳ್ಳಲಾಗದಿದ್ದರೆ ರೌಂಡಿಗೆ ಹೊರಳುತ್ತಿರುವ ಹುಡುಗರನ್ನು ಹುಡುಕು, ಅವರು ಬಿಸಾಡುವ ಹಳೆಯ ಫ್ಲಾಟ್ ಹೊಸದಕ್ಕಿಂತ ಚೆನ್ನಾಗಿರುವುದೂ ಉಂಟು. ಕಟ್ಟಿದ ಮೇಲೆ ಒಂದು ತಿಂಗಳು ಬಿಚ್ಚಬೇಡ. ಕತ್ತರಿಸುವ ಮೊದಲು ಮಡಿಸು.

ಆ 400 ರೂಪಾಯಿಯ ಸೆಟ್ಟಿಗೆ ಈ ಗಣೇಶನ ಹಬ್ಬಕ್ಕೆ ಆರು ವರ್ಷ ತುಂಬುತ್ತದೆ. ಸಾರಿನ ಪಾತ್ರೆಯನ್ನು ಅಮ್ಮ ಇನ್ನೂ ವಾಪಸು ತೆಗೆದುಕೊಂಡಿಲ್ಲ.