ತಟ್ಟಿಗೊಂದು ಬಯಲು

ಮುಂಬಯಿಯ ಗೋರೆಗಾಂವ್‌ನಲ್ಲಿ ಕುದುರೆ ಕಣ್ಣಿಗೆ ಬೀಳಬೇಕಾದರೆ ಒಂದೋ ಮದುವೆಯ ಬಾರಾತ್ ಬರಬೇಕು, ಇಲ್ಲವೇ ಫಿಲ್ಮ್ ಸಿಟಿಯಲ್ಲಿ ರಾಜಮಹಾರಾಜರ ಧಾರಾವಾಹಿಯ ಶೂಟಿಂಗ್ ಇರಬೇಕು. ಕುದುರೆಯ ಮೇಲೆ ಕೂತು ಆಡುವ ಆಟ ನೋಡಬೇಕೆಂದರೆ ಸ್ಲೋ ಲೋಕಲ್ ಹತ್ತಿ ಮಹಾಲಕ್ಷ್ಮಿಯಲ್ಲಿ ಇಳಿಯಬೇಕು. ಸ್ಟೇಷನ್ನಿನ ಒಂದು ಬದಿಗೆ ಧೋಬಿ ಘಾಟ್, ಇನ್ನೊಂದು ಬದಿಗೆ ರೇಸ್‌ಕೋರ್ಸ್. 1883ರಿಂದ ರೇಸು ನಡೆಯುತ್ತಿರುವ ಆ ಬಯಲಿನಲ್ಲೇ, 1942ರಲ್ಲಿ ಹುಟ್ಟಿದ ಅಮೆಚೂರ್ ರೈಡರ್ಸ್ ಕ್ಲಬ್ ಪೋಲೋ ಆಡಿಸುತ್ತ ಬಂದಿದೆ.

ಆಟಕ್ಕೆ ಮುಂಚೆ ಕುದುರೆಯನ್ನು ಅಣಿಗೊಳಿಸುವುದನ್ನು ಹತ್ತಿರ ನಿಂತು ನೋಡಬೇಕು. ಕುದುರೆ ನೋಡಿಕೊಳ್ಳುವ ಸೈಸ ಅದರ ಬಾಲವನ್ನು ಹೆಣೆದು, ಮೇಲಕ್ಕೆ ಮಡಚಿ, ಬಿಗಿಯಾಗಿ ಪಟ್ಟಿ ಸುತ್ತುತ್ತಾನೆ; ಹಾರುವ ಬಾಲ ಬೀಸುವ ಕೋಲಿಗೆ ಸಿಕ್ಕಿಕೊಂಡರೆ ಅಪಾಯ. ಲಗಾಮಿಗೆ ತೊಡಕಾಗದಿರಲೆಂದು ಕತ್ತಿನ ಕೂದಲನ್ನೂ ಬೋಳಿಸಿರುತ್ತಾರೆ. ನಾಲ್ಕೂ ಕಾಲಿಗೆ ಬಟ್ಟೆಯ ಪಟ್ಟಿ. ಆಟದ ಒಂದು ಸುತ್ತು, ಅಂದರೆ ಏಳೇಳೂವರೆ ನಿಮಿಷದ ಒಂದು ಚಕ್ಕರ್, ಮುಗಿದರೆ ಸವಾರ ಇಳಿದು ಇನ್ನೊಂದು ಕುದುರೆ ಹತ್ತುತ್ತಾನೆ, ಬೆವೆತು ಏದುಸಿರು ಬಿಡುವ ಮೊದಲನೆಯದು ಸೈಸನ ಕೈ ಸೇರುತ್ತದೆ. ಸವಾರನ ಹೆಸರು ಮೈಕಿನಲ್ಲಿ ಕೇಳಿಬರುತ್ತದೆ, ಸೈಸನದು ಬರುವುದಿಲ್ಲ. ಒಬ್ಬೊಬ್ಬ ಆಟಗಾರನಿಗೆ ಹಲವು ಕುದುರೆ, ಅವಕ್ಕೆ ಲಾಯ, ಮೇವು, ಲಾಳ, ವೈದ್ಯ. ಇದರ ಮೇಲೆ ಸುಮಾರು 10 ಎಕರೆಯ ಹುಲ್ಲುಗಾವಲು. ಇಷ್ಟೆಲ್ಲ ಬೇಕೆಂದ ಮೇಲೆ ಆಟ ಉಳ್ಳವರ ಅಂಗಳದಲ್ಲೇ ಉಳಿಯುತ್ತದೆ.

ತವರಿನಲ್ಲಿ ಅದು ಹಾಗಿರಲಿಲ್ಲ. ಮಣಿಪುರದ ‘ಸಗೋಲ್ ಕಾಂಗ್ಜೈ’ ಈ ಆಟದ ತಾಯಿಬೇರು. ಒಂದೊಂದು ತಂಡಕ್ಕೆ ಏಳು ಜನ, ಬಿದಿರಿನ ಬೇರಿನಿಂದ ಮಾಡಿದ ಚೆಂಡು, ಗೋಲುಗಂಬವೇ ಇಲ್ಲ. ಮೈದಾನದ ತುದಿಯ ಗೆರೆ ದಾಟಿಸಿದರೆ ಗೋಲು. ನಾಲ್ಕಡಿಯ ಆಸುಪಾಸು ಎತ್ತರದ, ತಟ್ಟು ಎಂಬ ಸಣ್ಣ ಕುದುರೆಗಳ ಮೇಲೆ ಅರಮನೆಯವರೂ ಆಡಿದರು, ಹಳ್ಳಿಗರೂ ಆಡಿದರು. ಮೈತೇಯಿ ಜನ ಈ ತಟ್ಟನ್ನು ಮಾರ್ಜಿಂಗ್ ದೇವರ ಸ್ವತ್ತೆಂದು ಪೂಜಿಸುತ್ತಾರೆ. ಪಕ್ಕದ ಅಸ್ಸಾಮಿನ ಕಚಾರಿನಲ್ಲಿ ನೆಲೆಸಿದ್ದ ಮಣಿಪುರಿಗಳ ಆಟಕ್ಕೆ ಮರುಳಾದವರು ಬ್ರಿಟಿಷ್ ಅಧಿಕಾರಿ ಜೋಸೆಫ್ ಶೆರರ್ ಮತ್ತು ಚಹಾ ತೋಟದವರು. 1859ರಲ್ಲಿ ಅವರು ಅಲ್ಲಿನ ಸಿಲ್ಚಾರ್‌ನಲ್ಲಿ ಪೋಲೋ ಕ್ಲಬ್ ಕಟ್ಟಿದರು. ಅಲ್ಲಿಂದ ಕಲ್ಕತ್ತೆ, ಕಲ್ಕತ್ತೆಯಿಂದ ಇಂಗ್ಲೆಂಡು. ಪಲ್ಟನ್ ಹೋದಲ್ಲೆಲ್ಲ ಪೋಲೋ ಹೋಯಿತು: 1886ರಲ್ಲಿ ಸಿಂಗಪುರದಲ್ಲಿ ಕ್ಲಬ್ಬಾಯಿತು, 1909ರಲ್ಲಿ ಅಮೆರಿಕನ್ನರ ಆಳ್ವಿಕೆಯ ಮನಿಲಾದಲ್ಲೂ ಆಯಿತು. ಮಣಿಪುರದ ಗಡಿಯಾಚೆಯೇ ಬರ್ಮಾ ಇದ್ದರೂ ಆಗ್ನೇಯ ಏಷ್ಯಾದ ಇಂಥ ಊರುಗಳಿಗೆ ಈ ಆಟ ತಲುಪಿದ್ದು ಗೋರಾಗಳ ಕೈಯಿಂದ, ಅವರು ತಿದ್ದಿ ಬರೆದ ನಿಯಮದೊಂದಿಗೆ.

ನಮ್ಮ ಮೈಸೂರಿಗೂ ಅದು ಅದೇ ದಾರಿಯಲ್ಲಿ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಒಳ್ಳೆಯ ಪೋಲೋ ಆಟಗಾರರಾಗಿದ್ದರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಊರನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು; ಅಂಥ ಅಶ್ವದಳ ಇದ್ದ ಸಂಸ್ಥಾನದಲ್ಲಿ ಕುದುರೆಯಾಟಕ್ಕೆ ಬರವಿರಲಿಲ್ಲ. ಆದರೂ ಅರಮನೆ, ದಂಡು ದಾಟಿ ಅದು ನಮ್ಮ ಕೇರಿಗೆ ಇಳಿಯಲೇ ಇಲ್ಲ. ಕನ್ನಡಿಗರ ಮನೆಮಾತಿನಲ್ಲಿ ಲಗೋರಿಗೆ, ಚಿನ್ನಿದಾಂಡಿಗೆ ಇರುವ ಜಾಗ ಪೋಲೋಗೆ ಸಿಗದಿದ್ದುದಕ್ಕೆ ಇದೇ ಕಾರಣವೆಂದು ನನಗನ್ನಿಸುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಆಟದ ತವರಿನ ಸ್ಥಿತಿ. ಜಾನುವಾರು ಗಣತಿಯ ಪ್ರಕಾರ 2003ರಲ್ಲಿ ಮಣಿಪುರಿ ತಟ್ಟುಗಳು 1,898 ಇದ್ದವು; 2012ರಲ್ಲಿ 1,101; 2019ರಲ್ಲಿ 1,089. ಇಂಫಾಲ ಬೆಳೆದಂತೆ ತಟ್ಟುಗಳು ಮೇಯುತ್ತಿದ್ದ ಜೌಗುಬಯಲುಗಳ ಮೇಲೆ ಕಟ್ಟಡಗಳೆದ್ದವು. ಮೇವಿಲ್ಲದ ಪ್ರಾಣಿ ಬೀದಿಗೆ ಬಂದು ಪ್ಲಾಸ್ಟಿಕ್ ತಿನ್ನುತ್ತದೆ, ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಆಟವನ್ನು ಉಳಿಸುತ್ತೇವೆಂದು ಪಂದ್ಯ ಏರ್ಪಡಿಸಿದರೆ ಸಾಲದು, ಮೊದಲು ಹುಲ್ಲು ಉಳಿಯಬೇಕು. 2016ರಲ್ಲಿ ಆ ರಾಜ್ಯ ತಟ್ಟುಗಳ ಸಂರಕ್ಷಣೆಗೆ ನೀತಿಯೊಂದನ್ನು ತಂದಿತು. ಇಂಫಾಲದ ಮಾಪಾಲ್ ಕಾಂಗ್ಜೈಬುಂಗ್ ಮೈದಾನದಲ್ಲಿ ಈಗ ಹೆಣ್ಣುಮಕ್ಕಳ ತಂಡಗಳೂ ಕಣಕ್ಕಿಳಿದು ವಿದೇಶಿ ತಂಡಗಳೊಡನೆ ಆಡುತ್ತವೆ. ಸಾಮಾನ್ಯರ ಮನೆಯ ಈ ಹುಡುಗಿಯರು ಜೀನಿನ ಮೇಲೆ ಕೂತಾಗ ಆಟ ತನ್ನ ಹಳೆಯ ವಾರಸುದಾರರಿಗೆ ಮರಳಿದೆ ಎಂದು ನಾನು ನಂಬುತ್ತೇನೆ.

ಮುಂಬಯಿಯಲ್ಲೂ ಬಯಲಿನದೇ ಪ್ರಶ್ನೆ. ಮಹಾಲಕ್ಷ್ಮಿಯ 211 ಎಕರೆಯಲ್ಲಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ, 91 ಎಕರೆ ರೇಸು ನಡೆಸುವ ಟರ್ಫ್ ಕ್ಲಬ್ಬಿಗೆ ಎಂದು 2024ರಲ್ಲಿ ತೀರ್ಮಾನವಾಗಿದೆ. ಉದ್ಯಾನದ ನಕ್ಷೆ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಒಂದು ಮೂಲೆಯಲ್ಲಿ ಪಾಲಿಕೆಯದೇ ಲಾಯವಿರಲಿ, ಸಂಬಳ ಪಡೆಯುವ ಸೈಸರೇ ಅಲ್ಲಿ ಗುರುಗಳಾಗಲಿ, ಗೋರೆಗಾಂವ್‌ನ ಪಾಲಿಕೆ ಶಾಲೆಯ ಮಕ್ಕಳು ವಾರಕ್ಕೊಮ್ಮೆ ಬಂದು ಕುದುರೆಗೆ ಮೇವು ಹಾಕಿ, ಮೈಯುಜ್ಜಿ, ಸವಾರಿ ಕಲಿಯುವಂತಾಗಲಿ.